ದಾರಿಯಲ್ಲಿ ಬಿದ್ದುಹೋಗುವ ‘ಅಂತೆ’

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೆಲವು ವರ್ಷಗಳ ಹಿಂದಿನ ಜುಲೈ ತಿಂಗಳ ಒಂದು ಸಂಜೆ, ನಾನು ಫೋನಿನಲ್ಲಿ ಹೇಳಿದ ವಾಕ್ಯವೊಂದರ ಕೊನೆಯ ಎರಡಕ್ಷರ ಬೆಂಗಳೂರನ್ನು ತಲುಪಲಿಲ್ಲ. ರಸ್ತೆ ಅಗಲ ಮಾಡಲು ಕಡಿದಿದ್ದ ಧರೆ, ಅಂದರೆ ಬದಿಯ ಮಣ್ಣಿನ ಗೋಡೆ, ಮಳೆಗೆ ಕುಸಿದು, ಕೆಳಗೆ ಕೂಲಿಯವರು ಹಾಕಿಕೊಂಡಿದ್ದ ತಗಡಿನ ಶೆಡ್ಡಿನ ಮೇಲೆ ಬಿದ್ದಿತ್ತು. ಅಲ್ಲಿ ಸೇರಿದ್ದವರಲ್ಲಿ ಒಬ್ಬರು, “ಇಬ್ಬರು ಒಳಗಿದ್ದಾರಂತೆ ಮಾರಾಯ್ರೆ” ಎಂದರು. ಅವರಿಗೆ ಹಾಗೆಂದು ಹೇಳಿದವರು ಯಾರು ಎಂದು ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಜಾಗದಲ್ಲಿ ಸಿಗ್ನಲ್ ಇರಲಿಲ್ಲವಾದ್ದರಿಂದ ನಾನು ಅರ್ಧ ಕಿಲೋಮೀಟರ್ ದೂರದ ಗುಡ್ಡದ ನೆತ್ತಿಗೆ ಹತ್ತಿ, ಒಂದೇ ಗೆರೆ ತೋರಿಸುತ್ತಿದ್ದ ಫೋನಿನಲ್ಲಿ ಬೆಂಗಳೂರಿನ ನಮ್ಮ ಸುದ್ದಿವಾಹಿನಿಯ ಡೆಸ್ಕಿಗೆ ಕರೆ ಮಾಡಿ, “ಧರೆ ಕುಸಿದಿದೆ, ಶೆಡ್ಡಿನ ಮೇಲೆ ಮಣ್ಣು ಬಿದ್ದಿದೆ, ಇಬ್ಬರು ಒಳಗಿದ್ದಾರಂತೆ, ಖಚಿತವಾಗಿಲ್ಲ” ಎಂದೆ. ‘ಒಳಗಿದ್ದಾರೆ’ ಎಂಬಷ್ಟರಲ್ಲಿ ಲೈನ್ ಕಡಿದಿತ್ತು ಎಂಬುದು ನನಗೆ ಆಗ ತಿಳಿಯಲಿಲ್ಲ. ನಾನು ಪೂರ್ತಿ ಹೇಳಿ ಮುಗಿಸಿದೆನೆಂದೇ ಭಾವಿಸಿ ಗುಡ್ಡ ಇಳಿದೆ.

ಮೂರು ನಿಮಿಷದೊಳಗೆ ನಮ್ಮ ವಾಹಿನಿಯ ಪರದೆಯ ಮೇಲೆ ‘ಭಾರಿ ಭೂಕುಸಿತ, ಇಬ್ಬರು ಮಣ್ಣುಪಾಲು’ ಎಂಬ ಬ್ರೇಕಿಂಗ್ ಬಂದಿದೆ. ಕೆಳಗೆ ಜನರೊಂದಿಗೆ ನಿಂತು ಜೆಸಿಬಿಯ ದಾರಿ ಕಾಯುತ್ತಿದ್ದ ನನಗೆ ಅದು ಗೊತ್ತಾಗುವ ಬಗೆಯೇ ಇರಲಿಲ್ಲ. ಒಂದೂವರೆ ಗಂಟೆಯ ನಂತರ, ಮಣ್ಣು ತೆಗೆಯುವ ಕೆಲಸ ಇನ್ನೂ ನಡೆಯುತ್ತಿರುವಾಗಲೇ, ಆ ಇಬ್ಬರೂ ಪಕ್ಕದ ಊರಿನ ಅಂಗಡಿಯಿಂದ ಅಕ್ಕಿ ಬೇಳೆಯ ಚೀಲ ಹೊತ್ತುಕೊಂಡು ನಡೆದು ಬಂದರು. ಅವರು ಬಯಲುಸೀಮೆಯ ಕಡೆಯಿಂದ ಕೆಲಸಕ್ಕೆ ಬಂದವರು. ಊರಿನಲ್ಲಿ ಅವರ ಮನೆಯವರು ಟಿ.ವಿ. ನೋಡಿಯಾಗಿತ್ತು. ಒಬ್ಬನ ಅಣ್ಣ ಆ ಮಳೆಯಲ್ಲಿ, ರಾತ್ರಿ ಹೊತ್ತಿನಲ್ಲಿ, ಬೈಕ್ ಹತ್ತಿ ಹೊರಟಾಗಿತ್ತು. ನಾನು ಮತ್ತೆ ಗುಡ್ಡ ಹತ್ತಿ ಆ ಮನೆಗೆ ಕರೆ ಮಾಡಿ ಮಗ ಬದುಕಿದ್ದಾನೆಂದು ಹೇಳಿದಾಗ ಆ ತಾಯಿ ನಂಬಲಿಲ್ಲ. ನಾನು ಟಿ.ವಿ.ಯವನೆಂದು ಪರಿಚಯ ಹೇಳಿಕೊಂಡದ್ದೇ ಅವರ ಅಪನಂಬಿಕೆಗೆ ಕಾರಣವಾಯಿತು. ಕೊನೆಗೆ ಆ ಹುಡುಗನನ್ನೇ ಕರೆದುಕೊಂಡು ಮೂರನೆಯ ಬಾರಿ ಗುಡ್ಡ ಹತ್ತಿದೆ. ಅವನು ‘ಅವ್ವಾ’ ಎಂದ ಮೇಲೆ ಆ ಕಡೆಯಿಂದ ಬಹಳ ಹೊತ್ತು ಮಾತೇ ಕೇಳಿಸಲಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಹಲವು ವರ್ಷಗಳಿಂದ ಟಿ.ವಿ. ವರದಿಗಾರನಾಗಿರುವ, ನಡುವೆ ಒಂದೂವರೆ ವರ್ಷ ಬೆಂಗಳೂರಿನ ಡೆಸ್ಕಿನಲ್ಲಿಯೂ ಕುಳಿತಿದ್ದ ನಾನು, ಈ ಬರಹವನ್ನು ಆ ಸಂಜೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಫೀಲ್ಡಿನವರಿಗೂ ನ್ಯೂಸ್‌ರೂಮಿಗೂ ನಡುವೆ ಮಾತು ಕೆಡುವ ಬಗ್ಗೆ ನಮ್ಮಲ್ಲಿ ಚರ್ಚೆ ಬಂದಾಗಲೆಲ್ಲ ನೆಟ್‌ವರ್ಕ್, ಬ್ಯಾಟರಿ, ದೃಶ್ಯ ಕಳಿಸುವ ಬ್ಯಾಕ್‌ಪ್ಯಾಕ್ ಇವುಗಳಲ್ಲಿಯೇ ಮಾತು ಮುಗಿದುಹೋಗುತ್ತದೆ. ಅವೆಲ್ಲವೂ ನಿಜವಾದ ತೊಂದರೆಗಳೇ. ಆದರೆ ನಾನು ಕಂಡಂತೆ ದಾರಿಯಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು, ಕಳೆದುಹೋದರೂ ಯಾರ ಗಮನಕ್ಕೂ ಬಾರದಿರುವುದು, ನಮ್ಮ ಮಾತಿನೊಳಗಿನ ‘ಅಂತೆ’.

‘ಅಂತೆ’ ಎನ್ನುವುದು ಕನ್ನಡ ನಮಗೆ ಕೊಟ್ಟಿರುವ ಬಹು ದೊಡ್ಡ ಅನುಕೂಲ. ನಾನು ಕಣ್ಣಾರೆ ಕಂಡದ್ದಲ್ಲ, ಇನ್ನೊಬ್ಬರಿಂದ ಕೇಳಿದ್ದು ಎಂಬುದನ್ನು ಹಳ್ಳಿಯ ಯಾವ ಅಜ್ಜಿಯೂ ತಪ್ಪದೆ ಈ ಎರಡಕ್ಷರದಲ್ಲಿ ಸೇರಿಸಿಯೇ ಹೇಳುತ್ತಾಳೆ. ಬರಹದ ಕನ್ನಡದಲ್ಲಿ ಅದು ‘ಎನ್ನಲಾಗಿದೆ’ ಎಂದಾಗುತ್ತದೆ. ತೊಂದರೆಯೆಂದರೆ ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ, ಅದರ ಬಾಲದಲ್ಲಿ ‘ಅಂತೆ’ ಕೂರುತ್ತದೆ, ‘ಇಲ್ಲ’ ಎಂಬ ನಿಷೇಧವೂ ಅಲ್ಲಿಯೇ ಕೂರುತ್ತದೆ. ‘ಸಂಪರ್ಕ ಕಡಿತವಾಗಿಲ್ಲ’ ಎಂಬ ವಾಕ್ಯದಲ್ಲಿ ಕೊನೆಯ ಎರಡಕ್ಷರ ನುಂಗಿಹೋದರೆ ಉಳಿಯುವುದು ಅದರ ಪೂರ್ತಿ ವಿರುದ್ಧದ ಅರ್ಥ. ಸಿಗ್ನಲ್ ದುರ್ಬಲವಿರುವಲ್ಲಿ ಫೋನ್ ಮಾತು ಕಿವಿಗೆ ತಪ್ಪುವುದು ಹೆಚ್ಚಾಗಿ ವಾಕ್ಯ ಮುಗಿಯುವ ಹೊತ್ತಿಗೇ, ಏಕೆಂದರೆ ಮಾತನಾಡುವವರ ದನಿ ಇಳಿಯುವುದೂ ಅಲ್ಲಿಯೇ, ಕೇಳುವವರು ಅರ್ಥವಾಯಿತೆಂದು ಬರೆಯತೊಡಗುವುದೂ ಅಲ್ಲಿಯೇ. ಈ ಸಂಗತಿ ನನಗೆ ಹೊಳೆಯಬೇಕಾದರೆ ಆ ತಾಯಿಯ ಮೌನವನ್ನು ಕೇಳಬೇಕಾಯಿತು.

ಆ ದಿನದ ಬ್ರೇಕಿಂಗ್ ಹೇಗೆ ಹುಟ್ಟಿತೆಂದು ನಂತರ ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡೆ. ನನ್ನ ಕರೆಯನ್ನು ಅಸೈನ್‌ಮೆಂಟ್ ಡೆಸ್ಕಿನ ಹುಡುಗನೊಬ್ಬ ತೆಗೆದುಕೊಂಡಿದ್ದ. ಲೈನ್ ಕಡಿದೊಡನೆ ಅವನು ಎದ್ದು ನಿಂತು, “ಶಿವಮೊಗ್ಗದಲ್ಲಿ ಮಣ್ಣು ಕುಸಿದು ಇಬ್ಬರು ಒಳಗೆ” ಎಂದು ಕೂಗಿ ಹೇಳಿದ್ದ. ಸುದ್ದಿಯನ್ನು ಪರದೆಗೆ ಸಿದ್ಧಪಡಿಸುವ ಔಟ್‌ಪುಟ್ಟಿನವರಿಗೆ ‘ಧರೆ’ ಎಂಬ ಪದ ಕಿವಿಗೇ ಬೀಳದ ಕಾರಣ ಅವರು ಅದನ್ನು ‘ಭೂಕುಸಿತ’ ಎಂದು ಬರೆದರು. ಪರದೆಯ ಕೆಳಗೆ ಓಡುವ ಟಿಕರ್ ಸಾಲು ಹಾಕುವವರು ಜಾಗ ಸಾಲದೆ ‘ಒಳಗೆ ಸಿಲುಕಿದ್ದಾರೆ’ ಎಂಬುದನ್ನು ‘ಮಣ್ಣುಪಾಲು’ ಎಂದು ಮೊಟಕುಗೊಳಿಸಿದರು. ಆಂಕರ್ ಅದನ್ನೇ ವಿಸ್ತರಿಸಿ ಓದಿದರು. ನಾಲ್ವರಲ್ಲಿ ಯಾರೊಬ್ಬರೂ ಸುಳ್ಳು ಹೇಳಲಿಲ್ಲ, ಯಾರಿಗೂ ಕೆಡುಕಿನ ಉದ್ದೇಶವಿರಲಿಲ್ಲ. ಪ್ರತಿಯೊಬ್ಬರೂ ತಮಗೆ ಬಂದದ್ದನ್ನು ಒಂದು ಅಂಗುಲ ಮುಂದಕ್ಕೆ ತಳ್ಳಿದ್ದರು, ಅಷ್ಟೆ.

ಇಂಥದ್ದು ನಮ್ಮಲ್ಲಿ ಮಾತ್ರ ನಡೆಯುವುದೆಂದು ನಾನು ಹೇಳುತ್ತಿಲ್ಲ. 2006ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಸಾಗೋ ಎಂಬ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 13 ಕಾರ್ಮಿಕರು ಸಿಕ್ಕಿಹಾಕಿಕೊಂಡಿದ್ದರು. ಮುಖಕ್ಕೆ ಉಸಿರಾಟದ ಕವಚ ಹಾಕಿಕೊಂಡು ಒಳಗೆ ಹೋಗಿದ್ದ ರಕ್ಷಣಾ ತಂಡದವರ ಮಾತು ಒಬ್ಬರಿಂದೊಬ್ಬರಿಗೆ ದಾಟಿ ಮೇಲಕ್ಕೆ ಬರುವಷ್ಟರಲ್ಲಿ 12 ಮಂದಿ ಬದುಕಿದ್ದಾರೆಂಬ ಸುದ್ದಿಯಾಗಿ, ಕಾಯುತ್ತಿದ್ದ ಮನೆಯವರು ದೇವರಿಗೆ ವಂದಿಸಿ, ಟಿ.ವಿ.ಗಳು ಅದನ್ನೇ ಬಿತ್ತರಿಸಿ, ಎಷ್ಟೋ ಪತ್ರಿಕೆಗಳು ಅದನ್ನೇ ಮುಖಪುಟದಲ್ಲಿ ಅಚ್ಚು ಹಾಕಿದವು. ಸುಮಾರು ಮೂರು ಗಂಟೆಯ ನಂತರ ತಿಳಿದದ್ದು, ಬದುಕಿದ್ದವನು ಒಬ್ಬನೇ, ಸತ್ತವರು 12 ಮಂದಿ ಎಂದು. ಅಲ್ಲಿ ತಿರುಗುಮುರುಗಾದದ್ದೂ ಹೀಗೆಯೇ, ಕೈಯಿಂದ ಕೈಗೆ ದಾಟಿದ ಮಾತನ್ನು ನಡುವಿನ ಯಾರೂ ತಿರುಗಿ ಹೇಳಿ ಖಚಿತಪಡಿಸಿಕೊಳ್ಳದಿದ್ದುದರಿಂದ.

ನಮ್ಮ ಜಿಲ್ಲೆಯವರಿಗೆ ಇದೇ ಬಗೆಯ ನೆನಪು 2021ರ ಜನವರಿ 21ರ ರಾತ್ರಿಯದು. ಹತ್ತು ಗಂಟೆ ದಾಟಿದ ಮೇಲೆ ಶಿವಮೊಗ್ಗ ನಗರದ ಮನೆಗಳ ಕಿಟಕಿಗಳು ನಡುಗಿದವು. ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳವರೆಗೆ ಸದ್ದು ಕೇಳಿಸಿತ್ತು. ಜನರೆಲ್ಲ ಬೀದಿಗೆ ಬಂದು, “ಭೂಕಂಪವಂತೆ” ಎಂದು ಮಾತನಾಡಿಕೊಂಡರು. ಅದು ಹುಣಸೋಡಿನ ಕಲ್ಲುಕ್ವಾರಿಯ ಬಳಿ ಲಾರಿಯಲ್ಲಿದ್ದ ಸ್ಫೋಟಕಗಳು ಸಿಡಿದ ಸದ್ದು ಎಂದು ತಿಳಿಯುವ ಮೊದಲೇ ‘ಭೂಕಂಪ’ ಪರದೆಗಳ ಮೇಲೆ ಓಡಾಡಿ ಮುಗಿದಿತ್ತು. ಅಲ್ಲಿ ಇನ್ನೂ ಸಿಡಿಯದ ಸ್ಫೋಟಕ ಇರಬಹುದೆಂಬ ಭಯದಿಂದ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆ ಕತ್ತಲಿನಲ್ಲಿ ದೂರ ನಿಂತವರಿಗೆ ಡೆಸ್ಕುಗಳಿಂದ ಬರುತ್ತಿದ್ದುದು ಒಂದೇ ಪ್ರಶ್ನೆ, “ಎಷ್ಟು ಜನ?” ಒಬ್ಬರು ಐದು ಎಂದರೆ ಇನ್ನೊಬ್ಬರು ಎಂಟು ಎಂದರು, ಮತ್ತೊಬ್ಬರು ಅದಕ್ಕೂ ಹೆಚ್ಚು ಎಂದರು. ಆ ಸಂಖ್ಯೆಗಳೆಲ್ಲವೂ ಬಂದದ್ದು ‘ಅಂತೆ’ಯ ಜೊತೆಗೆ, ಪರದೆಗೆ ಹೋದದ್ದು ಅದಿಲ್ಲದೆ. ಬೆಳಗಾಗುವವರೆಗೆ ನಿಜವಾದ ಉತ್ತರ ‘ಗೊತ್ತಿಲ್ಲ’ ಎಂಬುದೊಂದೇ ಆಗಿತ್ತು. ಅದನ್ನು ಹೇಳುವ ಧೈರ್ಯ ನಮ್ಮಲ್ಲಿ ಹೆಚ್ಚಿನವರಿಗೆ ಬರಲಿಲ್ಲ. ನನಗೂ ಬರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಇನ್ನು ತಂತ್ರಜ್ಞಾನದ ಮಾತಿಗೆ ಬರುತ್ತೇನೆ. ಮಲೆನಾಡಿನಲ್ಲಿ ಸಿಗ್ನಲ್ ಎಂಬುದು ಗುಡ್ಡದ ತಿರುವು, ಮರದ ದಟ್ಟಣೆ, ಕರೆಂಟು ಇವುಗಳನ್ನು ನಂಬಿಕೊಂಡಿರುವ ವಸ್ತು. ಟವರ್ ಕೊಡದಿದ್ದರೆ ಮತ ಹಾಕುವುದಿಲ್ಲವೆಂದು ಫಲಕ ಹಿಡಿದು ನಿಂತ ಊರುಗಳು ಸಾಗರ, ಹೊಸನಗರದ ಕಡೆಯಲ್ಲಿವೆ. ದೊಡ್ಡ ಮಳೆಗೆ ಮರ ಬಿದ್ದು ಕರೆಂಟು ಹೋದರೆ, ಬ್ಯಾಟರಿ ಮುಗಿದ ಮೇಲೆ ಟವರೂ ಮಲಗುತ್ತದೆ. ಅಂದರೆ ಸುದ್ದಿ ಹುಟ್ಟುವ ದಿನವೇ ಸುದ್ದಿ ಸಾಗುವ ದಾರಿ ಮುಚ್ಚುತ್ತದೆ. ಹಲವು ಸಿಮ್‌ಗಳನ್ನು ಒಟ್ಟುಗೂಡಿಸಿ ದೃಶ್ಯ ಕಳಿಸುವ ಬ್ಯಾಕ್‌ಪ್ಯಾಕ್ ಯಂತ್ರಗಳು ಬೆಂಗಳೂರಿನಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತವೆ, ಏಕೆಂದರೆ ಅಲ್ಲಿ ಪ್ರತಿ ಸಿಮ್ಮಿಗೂ ಬೇರೆ ಬೇರೆ ಟವರುಗಳು ಸಿಗುತ್ತವೆ. ಮಾಸ್ತಿಕಟ್ಟೆಯಂಥ ಊರಿನಾಚೆಯ ಕಾಡಿನಲ್ಲಿ ಎಲ್ಲ ಸಿಮ್ಮುಗಳೂ ಇರುವ ಒಂದೇ ಟವರಿಗೆ ಜೋತುಬಿದ್ದಿರುವಾಗ ಆರು ಸಿಮ್ ಹಾಕಿದರೂ ಒಂದರಷ್ಟೇ ಫಲ. ಇನ್ನು ಉಪಗ್ರಹದ ಮೂಲಕ ನೇರಪ್ರಸಾರ ಮಾಡುವ ಓಬಿ ವ್ಯಾನು ಬಂದರೂ ಆಗುಂಬೆಯ ಮಳೆ ಅದನ್ನು ಬಿಡುವುದಿಲ್ಲ. ಆ ವ್ಯಾನುಗಳು ಬಳಸುವ ಕೆಯು ಬ್ಯಾಂಡಿನ ತರಂಗಗಳನ್ನು ದಟ್ಟವಾದ ಮಳೆ ಹೀರಿಕೊಳ್ಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಿಂದ ಮಳೆಯ ಲೈವ್ ಕೊಡಬೇಕೆಂದು ಕೇಳುವವರಿಗೆ ಇದು ತಿಳಿದಿರಬೇಕು.

ಮೊಬೈಲಿನಲ್ಲಿ ಚೆನ್ನಾದ ಗುಣಮಟ್ಟದಲ್ಲಿ ತೆಗೆದ ಒಂದು ನಿಮಿಷದ ದೃಶ್ಯ ಸುಮಾರು 100 ಎಂಬಿ ಆಗುತ್ತದೆ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗ ಸಿಕ್ಕಿದರೆ ಅದು ಹೋಗಲು 13 ನಿಮಿಷ ಬೇಕು, ನಮ್ಮಲ್ಲಿ ಅಷ್ಟು ವೇಗವೂ ಎಲ್ಲ ಕಡೆ ಸಿಗುವುದಿಲ್ಲ. ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಡೆಸ್ಕಿನಲ್ಲಿರುವ ಬಹಳ ಜನರಿಗೆ ತಿಳಿದಿಲ್ಲ. 4ಜಿ ಜಾಲದ ಮೇಲೆಯೇ ಕರೆ ಸಾಗುವ ವ್ಯವಸ್ಥೆ ಇಲ್ಲದ ಕಡೆ, ಫೋನಿಗೆ ಕರೆ ಬಂದೊಡನೆ ಅದು ಹಳೆಯ ಜಾಲಕ್ಕೆ ಇಳಿಯುತ್ತದೆ, ಅದರೊಂದಿಗೆ ಅಪ್‌ಲೋಡ್ ನಿಂತುಹೋಗುತ್ತದೆ ಅಥವಾ ತೆವಳತೊಡಗುತ್ತದೆ. “ವಿಷುಯಲ್ ಇನ್ನೂ ಬಂದಿಲ್ಲವಲ್ಲ” ಎಂದು ಕೇಳಲು ಅಸೈನ್‌ಮೆಂಟಿನವರು ಒಮ್ಮೆ, ಬುಲೆಟಿನ್ ಪ್ರೊಡ್ಯೂಸರ್ ಒಮ್ಮೆ, ಡಿಜಿಟಲ್ ವಿಭಾಗದವರು ಒಮ್ಮೆ ಕರೆ ಮಾಡಿದರೆ, ಬರುತ್ತಿದ್ದ ವಿಷುಯಲ್ಲನ್ನು ಮೂರು ಬಾರಿ ತಡೆದಂತೆಯೇ ಆಗುತ್ತದೆ. ಕ್ಯಾಮೆರಾಮನ್ ಗೆಳೆಯರೊಬ್ಬರು ಅಪ್‌ಲೋಡಿಗೆಂದೇ ಬೇರೆ ಫೋನು ಇಟ್ಟುಕೊಂಡು ಅದರ ನಂಬರನ್ನು ಆಫೀಸಿನ ಯಾರಿಗೂ ಕೊಟ್ಟಿಲ್ಲ. ಅವರ ದೃಶ್ಯಗಳು ಬೇಗ ತಲುಪುತ್ತವೆ.

ಲೈವ್ ಕೊಡುವಾಗಿನ ಕಷ್ಟ ಮತ್ತೊಂದು ಬಗೆಯದು. ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಬ್ಯಾಕ್‌ಪ್ಯಾಕ್ ಯಂತ್ರದಲ್ಲಿ ದೃಶ್ಯ ಒಡೆಯದಿರಲಿ ಎಂದು ಎರಡು ಮೂರು ಸೆಕೆಂಡುಗಳ ವಿಳಂಬವನ್ನು ಬೇಕೆಂದೇ ಇಟ್ಟಿರುತ್ತಾರೆ. ಆಂಕರ್ ಪ್ರಶ್ನೆ ಕೇಳುತ್ತಾರೆ, ಉತ್ತರ ಬರುವಷ್ಟರಲ್ಲಿ ಸ್ಟುಡಿಯೊದಲ್ಲಿ ಮೌನ ಹಬ್ಬುತ್ತದೆ, ಕೇಳಿಸಿಲ್ಲವೆಂದುಕೊಂಡು ಅವರು ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಆ ಎರಡನೆಯ ಪ್ರಶ್ನೆ ನನ್ನ ಉತ್ತರದ ನಡುವೆ ಕಿವಿಗೆ ಬೀಳುತ್ತದೆ, ನಾನು ಮಾತು ನಿಲ್ಲಿಸುತ್ತೇನೆ. ನಿಂತ ಜಾಗದಲ್ಲಿ ಸಾಮಾನ್ಯವಾಗಿ ಕಳೆದುಹೋಗುವುದು ‘ಖಚಿತವಾಗಿಲ್ಲ’ ಎಂಬ ಮಾತೇ. ಕಿವಿಗೆ ಬರುವ ಸ್ಟುಡಿಯೊ ಧ್ವನಿಯಿಂದ ವರದಿಗಾರನ ಧ್ವನಿಯನ್ನು ತೆಗೆದು ಕಳಿಸಬೇಕೆಂಬುದು ಪ್ರಸಾರದ ನಿಯಂತ್ರಣ ಕೊಠಡಿಯಾದ ಪಿಸಿಆರ್‌ನಲ್ಲಿರುವ ಎಲ್ಲರಿಗೂ ಗೊತ್ತಿರುವ ನಿಯಮ. ಅವಸರದಲ್ಲಿ ಅದನ್ನು ಮರೆತರೆ ನನ್ನದೇ ಮಾತು ಎರಡು ಸೆಕೆಂಡು ತಡವಾಗಿ ನನ್ನ ಕಿವಿಗೆ ಬಂದು ಬಡಿಯುತ್ತದೆ. ಆಗ ಎಂಥ ಅನುಭವಿಯ ನಾಲಿಗೆಯೂ ತೊದಲುತ್ತದೆ. ಮನೆಯಲ್ಲಿ ನೋಡುವವರಿಗೆ ಅದು ವರದಿಗಾರನ ಅಜ್ಞಾನದಂತೆ ಕಾಣಿಸುತ್ತದೆ. ಇದರ ಜೊತೆಗೆ ಪರದೆಯ ಮೇಲೆ ಆ ಕ್ಷಣ ಏನು ಓಡುತ್ತಿದೆ ಎಂಬುದು ನಮಗೆ ಕಾಣಿಸುವುದೇ ಇಲ್ಲ. ಒಮ್ಮೆ ನಾನು ತುಂಗಾ ನದಿ ಶಾಂತವಾಗಿದೆಯೆಂದು ಹೇಳುತ್ತಿರುವಾಗ ಪರದೆಯ ಅರ್ಧ ಭಾಗದಲ್ಲಿ ಹಿಂದಿನ ವರ್ಷದ ನೆರೆಯ ದೃಶ್ಯ ಓಡುತ್ತಿತ್ತೆಂದು ಮನೆಗೆ ಹೋದ ಮೇಲೆ ಹೆಂಡತಿ ಹೇಳಿ ಗೊತ್ತಾಯಿತು.

ತಂತ್ರಜ್ಞಾನ ನಾಳೆ ಸುಧಾರಿಸೀತು. ಪದಗಳ ವಿಷಯ ಹಾಗಲ್ಲ. ಮಲೆನಾಡಿನಲ್ಲಿ ‘ಧರೆ’ ಎಂದರೆ ಮನೆಯ ಹಿಂದೆ, ತೋಟದ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ. ಅದು ಮಳೆಗಾಲದಲ್ಲಿ ಅಲ್ಲಲ್ಲಿ ಜರಿಯುತ್ತಲೇ ಇರುತ್ತದೆ. ಗುಡ್ಡವೇ ಜಾರುವುದು ಬೇರೆ. ಎರಡನ್ನೂ ‘ಭೂಕುಸಿತ’ ಎಂದು ಬರೆದರೆ ನಿಜವಾಗಿ ಗುಡ್ಡ ಜಾರಿದ ದಿನ ಹೇಳಲು ನಮ್ಮ ಬಳಿ ಪದವೇ ಉಳಿಯುವುದಿಲ್ಲ. ಹಳ್ಳ ದಾಟಲು ಊರವರೇ ಅಡಿಕೆ ದಬ್ಬೆ, ಮರದ ದಿಮ್ಮಿ ಜೋಡಿಸಿ ಕಟ್ಟಿಕೊಂಡ ಕಾಲುಸಂಕ ಕೊಚ್ಚಿಹೋಯಿತೆಂದು ನಾನು ಕಳಿಸಿದ ಸುದ್ದಿ ‘ಸೇತುವೆ ಕುಸಿತ’ ಎಂದಾಯಿತು. ಆಗ ಲೋಕೋಪಯೋಗಿ ಇಲಾಖೆಯವರು ನಮ್ಮಲ್ಲಿ ಯಾವ ಸೇತುವೆಯೂ ಕುಸಿದಿಲ್ಲವೆಂದು ನಿರಾಕರಿಸಿದರು. ಅವರ ಮಾತು ನಿಜವೇ ಆಗಿತ್ತು. ಆದರೆ ಆ ನಿರಾಕರಣೆಯಲ್ಲಿ ಶಾಲೆಗೆ ದಾರಿಯಿಲ್ಲದ ಮಕ್ಕಳ ಕಷ್ಟ ಮುಚ್ಚಿಹೋಯಿತು, ಅದೇ ನನಗೆ ಹೆಚ್ಚು ನೋವಾದ ವಿಷಯ.

ಊರ ಹೆಸರುಗಳೂ ಹೀಗೆಯೇ ತೊಡಕು ತರುತ್ತವೆ. ಹೊಸನಗರ ತಾಲ್ಲೂಕಿನಲ್ಲಿ, ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿಗೆ ಈಗಿನ ಹೆಸರು ನಗರ. ‘ನಗರದಲ್ಲಿ ಭಾರಿ ಮಳೆ’ ಎಂದು ಬರೆದು ಕಳಿಸಿದರೆ ಡೆಸ್ಕಿನಲ್ಲಿ ಅದು ‘ಶಿವಮೊಗ್ಗ ನಗರದಲ್ಲಿ ಭಾರಿ ಮಳೆ’ ಎಂದಾಗುತ್ತದೆ. ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿ ತುಂಗೆಯೊಳಗಿರುವ ಮಂಟಪ ಮುಳುಗಿತೆಂದರೆ ಊರವರಿಗೆ ಅದು ನೀರಿನ ಮಟ್ಟದ ಗುರುತು. ಡೆಸ್ಕಿನವರಿಗೆ ಅದು ದೇವಸ್ಥಾನ ಜಲಾವೃತವಾದ ಸುದ್ದಿ. ಎಲ್ಲಕ್ಕಿಂತ ಅಪಾಯದ್ದು ಅಣೆಕಟ್ಟೆಗಳ ಗೊಂದಲ. ಲಿಂಗನಮಕ್ಕಿ ಇರುವುದು ಶರಾವತಿಗೆ. ಅದು ಪಶ್ಚಿಮಕ್ಕೆ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುವ ನದಿ. ಅಲ್ಲಿಂದ ನೀರು ಬಿಟ್ಟರೆ ಎಚ್ಚರವಾಗಿರಬೇಕಾದವರು ಗೇರುಸೊಪ್ಪೆಯ ಕೆಳಗಿನವರು. ಶಿವಮೊಗ್ಗ ನಗರಕ್ಕೆ ನೆರೆ ಬರುವುದು ತುಂಗೆಯಿಂದ. ಗಾಜನೂರಿನ ಅಣೆಕಟ್ಟೆ 3.24 ಟಿಎಂಸಿಯಷ್ಟೇ ಹಿಡಿಯುವ ಚಿಕ್ಕದಾದ್ದರಿಂದ ಮುಂಗಾರಿನ ಆರಂಭದಲ್ಲಿಯೇ ತುಂಬಿ, ಒಳಗೆ ಬಂದ ನೀರು ಹಾಗೆಯೇ ಹೊರಗೆ ಹೋಗುತ್ತದೆ. ‘ಲಿಂಗನಮಕ್ಕಿ ಭರ್ತಿ, ಶಿವಮೊಗ್ಗಕ್ಕೆ ಪ್ರವಾಹ ಭೀತಿ’ ಎಂಬ ಸಾಲು ನಾನು ಕಳಿಸಿದ ಸುದ್ದಿಯ ಮೇಲೆ ಒಮ್ಮೆ ಹೋಗಿತ್ತು. ಎರಡೂ ಒಂದೇ ಜಿಲ್ಲೆಯಲ್ಲಿವೆ ಎಂಬುದಷ್ಟೇ ಅದನ್ನು ಬರೆದವರಿಗಿದ್ದ ಆಧಾರ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ ಎಂಬುದು ಸಮುದ್ರಮಟ್ಟದಿಂದ ಅಳೆದ ಲೆಕ್ಕ. ಭದ್ರಾದ 186 ಅಡಿ ಅಣೆಕಟ್ಟೆಯಲ್ಲಿ ನಿಲ್ಲುವ ನೀರಿನ ಲೆಕ್ಕ. ಎರಡನ್ನೂ ಒಂದೇ ಗ್ರಾಫಿಕ್ಸಿನಲ್ಲಿ ಅಕ್ಕಪಕ್ಕ ನಿಲ್ಲಿಸಿದರೆ ನೋಡುವವರಿಗೆ ಏನು ಅರ್ಥವಾಗಬೇಕು? ಕ್ಯೂಸೆಕ್ ಎಂದರೆ ಸೆಕೆಂಡಿಗೆ ಹರಿಯುವ ಘನ ಅಡಿ, ಟಿಎಂಸಿ ಎಂದರೆ ನಿಂತ ನೀರಿನ ಪ್ರಮಾಣ, 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಎಂಬುದನ್ನು ನಾನೊಂದು ಚೀಟಿಯಲ್ಲಿ ಬರೆದು ಡೆಸ್ಕಿನ ಗೋಡೆಗೆ ಅಂಟಿಸಿ ಬಂದಿದ್ದೆ.

ಸಂಖ್ಯೆಗಳು ಫೋನಿನಲ್ಲಿ ಕೆಡುವ ರೀತಿಯೂ ಕನ್ನಡದ್ದೇ. ಇಪ್ಪತ್ತು ಮತ್ತು ಎಪ್ಪತ್ತು ಎಂಬುವುಗಳ ನಡುವೆ ಇರುವುದು ಮೊದಲ ಸ್ವರದ ವ್ಯತ್ಯಾಸ ಮಾತ್ರ, ಮಳೆಯ ಸದ್ದಿನಲ್ಲಿ ಅದು ಉಳಿಯುವುದಿಲ್ಲ. ‘ಮೂರು ಕುಟುಂಬಗಳ ಸ್ಥಳಾಂತರ’ ಎಂಬುದು ‘ನೂರು ಕುಟುಂಬಗಳ ಸ್ಥಳಾಂತರ’ ಎಂದಾಗಿದೆ. ಈಗ ನಾನು ಎಪ್ಪತ್ತು ಸಾವಿರ ಎಂದ ಮೇಲೆ ‘ಏಳು, ಸೊನ್ನೆ, ಸಾವಿರ’ ಎಂದು ಬಿಡಿಸಿ ಹೇಳುತ್ತೇನೆ, ಆಚೆಯವರ ಬಾಯಿಂದ ಅದನ್ನು ತಿರುಗಿ ಹೇಳಿಸಿಕೊಳ್ಳುತ್ತೇನೆ. ಮೊದಮೊದಲು ಅವರಿಗೆ ಇದು ಅವಮಾನದಂತೆ ತೋರುತ್ತಿತ್ತು.

ಮಂಗನ ಕಾಯಿಲೆಯ ವರದಿಗಳಲ್ಲಿ ‘ಅಂತೆ’ ಬೇರೊಂದು ರೂಪದಲ್ಲಿ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಮನುಷ್ಯರಿಗೆ ಬರುವುದು ಉಣುಗು ಕಚ್ಚುವುದರಿಂದ, ಮಂಗ ಕಚ್ಚುವುದರಿಂದಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಹಬ್ಬಿದ ಕಾಲದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದವರನ್ನು ‘ಶಂಕಿತರು’ ಎಂದೂ, ರಕ್ತಪರೀಕ್ಷೆಯಲ್ಲಿ ಪತ್ತೆಯಾದವರನ್ನು ‘ದೃಢಪಟ್ಟವರು’ ಎಂದೂ ವೈದ್ಯರು ಬೇರೆ ಬೇರೆಯಾಗಿಯೇ ಹೇಳುತ್ತಿದ್ದರು. ಶಂಕಿತ ಎಂಬುದು ಆಸ್ಪತ್ರೆಯ ಭಾಷೆಯ ‘ಅಂತೆ’. ಪರದೆಯ ಮೇಲೆ ಎರಡೂ ಕೂಡಿ ಒಂದು ದೊಡ್ಡ ಸಂಖ್ಯೆಯಾಗಿ ಹೋದಾಗ ಊರಿನ ಜನರನ್ನು ಪೇಟೆಯಲ್ಲಿ ದೂರ ನಿಲ್ಲಿಸಿ ಮಾತನಾಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ಡೆಸ್ಕಿನವರ ಬಗ್ಗೆ ನನಗೆ ಸಿಟ್ಟಿಲ್ಲ. ಅಲ್ಲಿ ಕುಳಿತಿದ್ದಾಗ ನಾನೂ ಇಂಥ ತಪ್ಪುಗಳನ್ನು ಮಾಡಿದ್ದೇನೆ. ಎದುರಿನ ಗೋಡೆಯ ತುಂಬ ಬೇರೆ ವಾಹಿನಿಗಳ ಪರದೆಗಳು. ಅವುಗಳಲ್ಲಿ ಯಾವುದಾದರೊಂದು ಕೆಂಪಾದರೆ ಹಿಂದಿನಿಂದ “ನಮ್ಮಲ್ಲಿ ಯಾಕೆ ಇಲ್ಲ?” ಎಂಬ ದನಿ ಬರುತ್ತದೆ. 31 ಜಿಲ್ಲೆಗಳ ಕರೆಗಳನ್ನು ಇಬ್ಬರು ಮೂವರು ತೆಗೆದುಕೊಳ್ಳಬೇಕು. ಆ ಗದ್ದಲದಲ್ಲಿ ಬಾಗಲಕೋಟೆಯ ಹುಡುಗಿಗೆ ಧರೆ ಎಂದರೇನೆಂದು ಕೇಳುವ ಬಿಡುವಿರುವುದಿಲ್ಲ, ನಾನೂ ಸಮುದ್ರದ ಉಪ್ಪುನೀರು ನುಗ್ಗುವ ತಗ್ಗು ಜಮೀನಿಗೆ ಹೇಳುವ ಕಾರವಾರದವರ ‘ಖಾರ್ಲ್ಯಾಂಡ್’ ಎಂದರೇನೆಂದು ಅಂದು ಕೇಳಲಿಲ್ಲ. ಆಗುಂಬೆಗೂ ಸಿಗಂದೂರಿಗೂ ನಡುವಿನ ದಾರಿ ನಕ್ಷೆಯಲ್ಲಿ ಒಂದು ಬೆರಳಿನಷ್ಟು ಕಾಣಿಸುವುದರಿಂದ, ಅಲ್ಲಿ ಮುಗಿಸಿ ಇಲ್ಲಿಗೆ ಹೋಗಿ ಎಂದು ಹೇಳುವುದು ಅಲ್ಲಿ ಕುಳಿತವರಿಗೆ ಸಹಜವೆನಿಸುತ್ತದೆ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಗುವವರೆಗೆ ಸಾಗರದ ಕಡೆಯಿಂದ ಸಿಗಂದೂರಿಗೆ ಹೋಗಲು ಹೊಳೆಬಾಗಿಲಿನ ಲಾಂಚು ಹಿಡಿಯಬೇಕಿತ್ತು, ಇಲ್ಲವೇ ದೂರದ ರಸ್ತೆ ಸುತ್ತಬೇಕಿತ್ತು, ಕತ್ತಲಾದ ಮೇಲೆ ಲಾಂಚು ಇರುತ್ತಿರಲಿಲ್ಲ ಎಂಬುದನ್ನು ನಾನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ.

ಆದರೆ ಒಂದು ವಿಷಯದಲ್ಲಿ ಹೊಣೆ ನ್ಯೂಸ್‌ರೂಮಿನದೇ ಎಂದು ನಾನು ನಂಬಿದ್ದೇನೆ. ತಾಲ್ಲೂಕುಗಳಲ್ಲಿರುವ ಸ್ಟ್ರಿಂಗರುಗಳಲ್ಲಿ ಹೆಚ್ಚಿನವರಿಗೆ ಸಂಬಳವಿಲ್ಲ, ಸುದ್ದಿಯೊಂದಕ್ಕೆ ಇಷ್ಟು ಎಂದು ಹಣ ಬರುತ್ತದೆ, ಅದೂ ತಿಂಗಳುಗಟ್ಟಲೆ ತಡವಾಗಿ. ಅಂಥವರಿಗೆ ಡೆಸ್ಕಿನಿಂದ “ಎಷ್ಟು ಜನ ಸತ್ತಿದ್ದಾರೆ ಹೇಳಿ” ಎಂಬ ಪ್ರಶ್ನೆ ಬಂದಾಗ “ಗೊತ್ತಿಲ್ಲ ಸರ್” ಎನ್ನುವುದು ಸುಲಭವಲ್ಲ. ಗೊತ್ತಿಲ್ಲ ಎಂದವನಿಗೆ ಮುಂದಿನ ಕರೆ ಬರುವುದಿಲ್ಲವೆಂಬ ಭಯ ಅವನಿಗಿರುತ್ತದೆ. ಮೊಣಕಾಲು ಮುಳುಗುವ ನೀರಿನಲ್ಲಿ ನಡೆಯುತ್ತ ವಿವರಿಸುವ ವಾಕ್‌ಥ್ರೂ ಕೊಡಿ ಎಂದರೆ, ಆ ನೀರಿನ ಕೆಳಗೆ ರಸ್ತೆ ಇದೆಯೋ ಕಿತ್ತುಹೋಗಿದೆಯೋ ತಿಳಿಯದಿದ್ದರೂ ಅವನು ಇಳಿಯುತ್ತಾನೆ. ‘ಆಗುವುದಿಲ್ಲ’, ‘ಗೊತ್ತಿಲ್ಲ’ ಎಂಬ ಎರಡು ಮಾತುಗಳನ್ನು ಭಯವಿಲ್ಲದೆ ಹೇಳಲು ಬಿಡದಿದ್ದಲ್ಲಿ ಅವನು ತನ್ನ ‘ಅಂತೆ’ಯನ್ನು ತಾನೇ ನುಂಗಿಕೊಂಡು ಮಾತನಾಡುತ್ತಾನೆ. ಅದಕ್ಕೆ ಟವರ್ ಕಾರಣವಲ್ಲ.

2000ದ ಆಸುಪಾಸಿನಲ್ಲಿ ಈ ವೃತ್ತಿಗೆ ಬಂದ ಹಿರಿಯರು, ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಕಂಡಕ್ಟರ ಕೈಗೆ ಟೇಪು ಕೊಟ್ಟು ಬೆಂಗಳೂರಿಗೆ ಕಳಿಸುತ್ತಿದ್ದ ಕಾಲವನ್ನು ನನಗೆ ವಿವರಿಸಿದ್ದಾರೆ. ಸುಮಾರು 300 ಕಿಲೋಮೀಟರ್ ದಾರಿ, ರಾತ್ರಿಯಿಡೀ ಪ್ರಯಾಣ. ಆದರೆ ಟೇಪಿನ ಡಬ್ಬಿಯೊಳಗೆ ಒಂದು ಚೀಟಿ ಇರುತ್ತಿತ್ತು, ಅದಕ್ಕೆ ಡೋಪ್ ಶೀಟ್ ಎನ್ನುತ್ತಿದ್ದರು. ಯಾವ ದೃಶ್ಯ ಎಲ್ಲಿಯದು, ಮಾತನಾಡಿದವರು ಯಾರು, ಯಾವುದು ಪೊಲೀಸರು ಹೇಳಿದ್ದು, ಯಾವುದು ಊರವರು ಹೇಳಿದ್ದು ಎಂಬುದೆಲ್ಲ ಅದರಲ್ಲಿ ಕೈಬರಹದಲ್ಲಿರುತ್ತಿತ್ತು. ಆ ನಿಧಾನವನ್ನು ಮರಳಿ ತರಲಾಗದು, ತರಬೇಕೆಂದು ನಾನು ಬಯಸುವುದೂ ಇಲ್ಲ. ನನಗೆ ಬೇಕಾಗಿರುವುದು ಆ ಚೀಟಿ.

ಹೊಸನಗರದ ಆ ಸಂಜೆಯ ನಂತರ ನಾನು ವಾಕ್ಯದ ಬಾಲವನ್ನು ತಲೆಗೆ ತಂದಿದ್ದೇನೆ. ಕರೆ ಮಾಡಿದೊಡನೆ ಮೊದಲು ಹೇಳುವುದು “ಇದು ನೋಡಿದ್ದು” ಅಥವಾ “ಇದು ಕೇಳಿದ್ದು”, ಸುದ್ದಿ ಏನಿದ್ದರೂ ಅದರ ನಂತರ. ಲೈನ್ ಎಲ್ಲಿ ಕಡಿದರೂ ಆ ಮಾತು ತಲುಪಿರುತ್ತದೆ. ಕರೆ ಮುಗಿದ ಮೇಲೆ ಅದನ್ನೇ ಎರಡು ಸಾಲಿನ ಎಸ್ಸೆಮ್ಮೆಸ್ ಮಾಡುತ್ತೇನೆ, ಇಂಟರ್‌ನೆಟ್ ಇಲ್ಲದ ಕಡೆಯಿಂದಲೂ ಅದು ಹೇಗೋ ದಾಟುತ್ತದೆ. ಡೆಸ್ಕಿನಲ್ಲಿ ಈಗಿರುವ ಹುಡುಗನೊಬ್ಬ ಇದನ್ನು ಬಹಳ ಬೇಗ ಕಲಿತುಕೊಂಡ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆ ಹಳ್ಳದಲ್ಲಿ ಒಬ್ಬರು ಕೊಚ್ಚಿಹೋದರಂತೆ ಎಂಬ ಸುದ್ದಿ ಬಂದಾಗ, “ಸರ್, ಇದು ನೀವು ಕೇಳಿದ್ದು, ಊರವರು ಹೇಳಿದ್ದು, ಪೊಲೀಸರು ಇನ್ನೂ ಹೇಳಿಲ್ಲ, ಸರಿಯಾ?” ಎಂದು ತಾನಾಗಿಯೇ ತಿರುಗಿ ಹೇಳಿದ. ‘ಕೊಚ್ಚಿಹೋದ ಶಂಕೆ, ಹುಡುಕಾಟ’ ಎಂದು ಮಾತ್ರ ಹಾಕಿಸಿದ. ಬೇರೆ ವಾಹಿನಿಗಳಲ್ಲಿ ಆಗಲೇ ‘ಸಾವು’ ಎಂದು ಹೋಗುತ್ತಿತ್ತು. ನಲವತ್ತು ನಿಮಿಷಗಳ ಮೇಲೆ ಶವ ಸಿಕ್ಕಿತು. ಅವರ ಸುದ್ದಿಯೇ ನಿಜವಾಯಿತು, ನಮ್ಮದು ತಡವಾಯಿತು. ಅಂದು ರಾತ್ರಿ ಅವನು ಕರೆ ಮಾಡಿ, ಮೇಲಿನವರು ವಿವರಣೆ ಕೇಳಿದ್ದಾರೆಂದು ಸಣ್ಣ ದನಿಯಲ್ಲಿ ಹೇಳಿದ. ನಾನು ಎಷ್ಟು ಗಂಟೆಗೆ ಏನು ಕೇಳಿದೆ, ಎಷ್ಟು ಗಂಟೆಗೆ ಏನು ನೋಡಿದೆ, ಪೊಲೀಸರು ಯಾವಾಗ ಖಚಿತಪಡಿಸಿದರು ಎಂಬುದನ್ನೆಲ್ಲ ಬರೆದು, ಆ ನಲವತ್ತು ನಿಮಿಷ ಅವನು ಕಾದದ್ದು ನನ್ನ ಮಾತಿನಂತೆಯೇ ಎಂದು ಸೇರಿಸಿ, ಮನೆಗೆ ಹೋಗುವ ಮೊದಲು ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತೇ ಆ ಮೇಲಿನವರಿಗೆ ಮೇಲ್ ಕಳಿಸಿದೆ.